ವಿಡಿಯೊ ಕ್ಯಾಸೆಟ್ಟಿನಿಂದ ಮನೆಯ ಸ್ಟುಡಿಯೊಗೆ

ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಉಪಾಯ ಮೊದಲು ಹೊಳೆದದ್ದು ಸಂಗೀತದವರಿಗಲ್ಲ, ಟೆಲಿಫೋನಿನವರಿಗೆ. ಮಾತು ತಂತಿಯಲ್ಲಿ ದೂರ ಸಾಗಿದಷ್ಟೂ ಗೊರಗೊರ ಸದ್ದು ಸೇರಿಕೊಳ್ಳುತ್ತಿತ್ತು. ದಾರಿಯಲ್ಲಿದ್ದ ಆಂಪ್ಲಿಫೈಯರುಗಳು ಮಾತಿನ ಜೊತೆಗೆ ಅದನ್ನೂ ಹಿಗ್ಗಿಸುತ್ತಿದ್ದವು. ಪ್ಯಾರಿಸ್ಸಿನಲ್ಲಿ ಕೆಲಸಕ್ಕಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್ 1938ರಲ್ಲಿ ಇದಕ್ಕೊಂದು ಪರಿಹಾರಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಧ್ವನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಆ ಅಳತೆಗಳನ್ನೇ ಮಿಡಿತಗಳ ಸಂಕೇತವಾಗಿ ಕಳಿಸಿದರೆ, ಆಚೆ ತುದಿಯಲ್ಲಿ ಮಿಡಿತ ಇದೆಯೋ ಇಲ್ಲವೋ ಎಂದಷ್ಟು ಗುರುತಿಸಿದರೆ ಸಾಕು. ಪಲ್ಸ್ ಕೋಡ್ ಮಾಡ್ಯುಲೇಷನ್, ಅಂದರೆ ಪಿಸಿಎಂ, ಎಂಬುದು ಇದೇ. ಆದರೆ ಅದು ವಾಲ್ವುಗಳ ಕಾಲ. ಉಪಾಯ ಕೈಗೆಟುಕುವ ಬೆಲೆಗೆ ಬರಲು ಟ್ರಾನ್ಸಿಸ್ಟರಿಗಾಗಿ ಕಾಯಬೇಕಾಯಿತು.

ಸಂಗೀತಕ್ಕೆ ಇದನ್ನು ಒಗ್ಗಿಸಿದವರಲ್ಲಿ ಜಪಾನಿಗಳು ಮುಂಚೂಣಿಯಲ್ಲಿದ್ದರು. ಅಲ್ಲಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1967ರಲ್ಲಿ ಒಂದೇ ಚಾನೆಲ್ಲಿನ ಪಿಸಿಎಂ ರೆಕಾರ್ಡರ್ ತಯಾರಿಸಿತು. 1972ರಲ್ಲಿ ಡೆನಾನ್ 13 ಬಿಟ್‌ನ ಎಂಟು ಚಾನೆಲ್ ಯಂತ್ರವನ್ನು ಸ್ಟುಡಿಯೊ ಕೆಲಸಕ್ಕೆ ಇಳಿಸಿತು. ಅಮೆರಿಕದಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಕಟ್ಟಿದ ಸೌಂಡ್‌ಸ್ಟ್ರೀಮ್ ಕಂಪನಿ 1976ರಲ್ಲಿ ಸ್ಯಾಂಟಾ ಫೇ ಆಪೆರಾವನ್ನು ಡಿಜಿಟಲ್ ಆಗಿ ಧ್ವನಿಮುದ್ರಿಸಿತು.

ಅಳೆಯುವುದಕ್ಕಿಂತ ದೊಡ್ಡ ತಲೆನೋವು ಅಳೆದದ್ದನ್ನು ಇಡುವುದು. 16 ಬಿಟ್‌ನ ಸ್ಟೀರಿಯೊ ಧ್ವನಿಗೆ ಸೆಕೆಂಡಿಗೆ 14 ಲಕ್ಷಕ್ಕೂ ಹೆಚ್ಚು ಬಿಟ್‌ಗಳು ಬೇಕು. ಅಷ್ಟನ್ನು ನುಂಗಬಲ್ಲ, ಅಂಗಡಿಯಲ್ಲಿ ಸಿಗುವ ಯಂತ್ರ ಆಗ ವಿಡಿಯೊ ರೆಕಾರ್ಡರ್ ಒಂದೇ. ಹಾಗಾಗಿ ಸೋನಿ ಕಂಪನಿ ಅಂಕಿಗಳನ್ನು ಕಪ್ಪುಬಿಳುಪು ಚುಕ್ಕೆಗಳ ಟಿವಿ ಚಿತ್ರವನ್ನಾಗಿಸಿ ಕ್ಯಾಸೆಟ್ಟಿಗೆ ಹಾಕಿತು. ಇಂದಿಗೂ ಪ್ರತಿ ರೆಕಾರ್ಡಿಂಗ್ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಕಾಣುವ 44,100 ಎಂಬ ವಿಚಿತ್ರ ಸಂಖ್ಯೆಯ ಮೂಲ ಇಲ್ಲಿದೆ. ಜಪಾನಿನ ಟಿವಿಯಲ್ಲಿ ಸೆಕೆಂಡಿಗೆ 60 ಫೀಲ್ಡು, ಪ್ರತಿ ಫೀಲ್ಡಿನಲ್ಲಿ ಬಳಕೆಗೆ ಸಿಗುವ 245 ಗೆರೆ, ಗೆರೆಗೆ ಮೂರು ಸ್ಯಾಂಪಲ್, ಅಂದರೆ ಅಳತೆ; ಗುಣಿಸಿದರೆ ಸೆಕೆಂಡಿಗೆ 44,100. ಯೂರೋಪಿನ ಟಿವಿಯ 50 ಫೀಲ್ಡು, 294 ಗೆರೆಗಳ ಲೆಕ್ಕ ಹಾಕಿದರೂ ಅದೇ ಮೊತ್ತ. ಮನುಷ್ಯನ ಕಿವಿಗೆ ಕೇಳುವ 20,000 ಹರ್ಟ್ಸ್‌ನ ಎರಡು ಪಟ್ಟಿಗಿಂತ ತುಸು ಹೆಚ್ಚಿದ್ದರಿಂದ ಅದು ಸಾಕೂ ಆಗಿತ್ತು. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಆ ಸಂಖ್ಯೆಯೇ ಖಾಯಂ ಆಯಿತು.

ಧ್ವನಿಯನ್ನು ಅಂಕಿಗಳಾಗಿಸುವ ಸಾಧನವೇ ಕನ್ವರ್ಟರ್. ಹವ್ಯಾಸಿಗಳ ಕೈಗೆ ಬಂದ ಮೊದಲ ಗಣ್ಯ ಕನ್ವರ್ಟರ್ ಸೋನಿಯ ಪಿಸಿಎಂ-ಎಫ್1. 1980ರ ದಶಕದ ಆರಂಭದ ಈ ಪೆಟ್ಟಿಗೆಯನ್ನು ಬೀಟಾಮ್ಯಾಕ್ಸ್ ರೆಕಾರ್ಡರಿಗೆ ಜೋಡಿಸಿ ಎಲ್ಲಿ ಬೇಕಾದರೂ ಹೊತ್ತೊಯ್ಯಬಹುದಿತ್ತು. ಕನ್ವರ್ಟರ್ ಚಿಪ್ಪು ದುಬಾರಿಯಾಗಿದ್ದರಿಂದ ಅದರಲ್ಲಿ ಒಂದೇ ಒಂದು ಇತ್ತು. ಎಡ, ಬಲ, ಎಡ, ಬಲ ಎಂದು ಸರದಿಯಂತೆ ಅಳೆಯುತ್ತಿತ್ತು. ಎರಡು ಚಾನೆಲ್‌ಗಳ ನಡುವೆ ಸುಮಾರು 11 ಮೈಕ್ರೊಸೆಕೆಂಡಿನ ಅಂತರ ಉಳಿಯುತ್ತಿತ್ತು, ಎರಡನ್ನೂ ಕೂಡಿಸಿ ಮೋನೊ ಮಾಡಿದರೆ ತಾರದ ಧ್ವನಿ ಸ್ವಲ್ಪ ಮಂಕಾಗುತ್ತಿತ್ತು.

ಆ ಕಾಲದ ಡಿಜಿಟಲ್ ಧ್ವನಿ ಕರ್ಕಶ ಎಂಬ ದೂರು ಪೂರಾ ಕಲ್ಪನೆಯೇನೂ ಆಗಿರಲಿಲ್ಲ. ಸ್ಯಾಂಪಲ್ ದರದ ಅರ್ಧಕ್ಕಿಂತ ಮೇಲಿನ ಕಂಪನಗಳು ಒಳಗೆ ನುಸುಳಿದರೆ ಸುಳ್ಳು ಸ್ವರಗಳಾಗಿ ಹೊರಬರುತ್ತವೆ. ಅವನ್ನು ತಡೆಯಲು 20,000 ಹರ್ಟ್ಸ್ ದಾಟುತ್ತಿದ್ದಂತೆ ಕಡಿದಾಗಿ ಕತ್ತರಿಸುವ ಅನಲಾಗ್ ಫಿಲ್ಟರುಗಳು ಬೇಕಿದ್ದವು. ಅವು ಕೇಳಿಸುವ ಧ್ವನಿಯನ್ನೂ ಕದಡುತ್ತಿದ್ದವು. 1985ರಲ್ಲಿ ಹುಟ್ಟಿದ ಅಪೋಜಿ ಕಂಪನಿ ಹೆಸರು ಮಾಡಿದ್ದೇ ದೊಡ್ಡ ಯಂತ್ರಗಳಿಗೆ ಮೇಲಾದ ಬದಲಿ ಫಿಲ್ಟರ್ ಮಾರಿ. ನಿಜವಾದ ಮದ್ದು ಡೆಲ್ಟಾ-ಸಿಗ್ಮಾ ವಿಧಾನ. 1962ರಲ್ಲಿ ಟೋಕಿಯೊದಲ್ಲಿ ಇನೋಸೆ ಮತ್ತು ಸಂಗಡಿಗರು ಪ್ರಕಟಿಸಿದ್ದ ಇದು 1980ರ ದಶಕದ ಕೊನೆಗೆ ಆಡಿಯೊ ಚಿಪ್ಪುಗಳಾಗಿ ಬಂತು. ಬೇಕಾದದ್ದಕ್ಕಿಂತ ಹತ್ತಾರು ಪಟ್ಟು ವೇಗದಲ್ಲಿ ಒರಟಾಗಿ ಅಳೆದು, ಸೋಸುವ ಕೆಲಸವನ್ನು ಲೆಕ್ಕಕ್ಕೇ ಬಿಡುವುದು ಇದರ ಕ್ರಮ. ಹೊರಗೆ ಸಾದಾ ಫಿಲ್ಟರ್ ಸಾಕಾಯಿತು, ಬೆಲೆ ಕುಸಿಯಿತು. ಮನೆ ಸ್ಟುಡಿಯೊ ಯುಗದ ಬುನಾದಿ ಯಾವುದೇ ಬ್ರ್ಯಾಂಡಿಗಿಂತ ಹೆಚ್ಚಾಗಿ ಈ ಚಿಪ್ಪು.

1991ರಲ್ಲಿ ಅಲೆಸಿಸ್ ಕಂಪನಿ ಘೋಷಿಸಿದ ಎಡ್ಯಾಟ್ ರೆಕಾರ್ಡರ್, ಎಸ್-ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಎಂಟು ಟ್ರ್ಯಾಕ್ ಬರೆಯುತ್ತಿತ್ತು; ಬೆಲೆ 4,000 ಡಾಲರಿಗೂ ಕಡಿಮೆ. ಯಂತ್ರ ಮೂಲೆಗುಂಪಾಯಿತು, ಅದರ ಆಪ್ಟಿಕಲ್ ಕನೆಕ್ಟರ್ ಉಳಿಯಿತು. ಎಂಟು ಚಾನೆಲ್‌ಗಳ ಹೊರಗಿನ ಕನ್ವರ್ಟರನ್ನು ಕಂಪ್ಯೂಟರಿಗೆ ಧ್ವನಿ ಒಯ್ಯುವ ಇಂಟರ್‌ಫೇಸಿಗೆ ಸೇರಿಸುವ ಸುಲಭದ ದಾರಿ ಈಗಲೂ ಅದೇ. 96,000ದ ದರದಲ್ಲಿ ಮಾತ್ರ ಒಂದು ಕೇಬಲ್ಲಿಗೆ ನಾಲ್ಕೇ ಚಾನೆಲ್. ಹೀಗೆ ಜೋಡಿಸುವಾಗ ಎರಡರಲ್ಲಿ ಒಂದು ಮಾತ್ರ ಕ್ಲಾಕ್, ಅಂದರೆ ಅಳೆಯುವ ತಾಳ, ಕೊಡಬೇಕು, ಇನ್ನೊಂದು ಅದನ್ನು ಅನುಸರಿಸಬೇಕು. ಎರಡೂ ತಮ್ಮ ತಮ್ಮ ಕ್ಲಾಕಿಗೆ ನಡೆದರೆ ರೆಕಾರ್ಡಿಂಗ್ ತುಂಬ ಚಿಟಿಕೆ ಸದ್ದು.

ಲೆವೆಲ್ಲನ್ನು ಆದಷ್ಟು ಮೇಲೆ ಇಡುವ ಹಳೆಯ ಚಾಳಿ ಬೇಗ ಹೋಗಲಿಲ್ಲ. ಟೇಪನ್ನು ಕೆಂಪು ಗೆರೆ ದಾಟಿಸಿದರೆ ಅದು ಮೆಲ್ಲಗೆ ಒರಟಾಗುತ್ತದೆ. ಕನ್ವರ್ಟರ್ ಮೀಟರಿನ ತುದಿಯಾದ ಸೊನ್ನೆ ಡೆಸಿಬೆಲ್‌ನಲ್ಲಿ ಪಟ್ಟನೆ ಕತ್ತರಿಸುತ್ತದೆ. ಬಿಟ್ಟಿಗೆ ಸುಮಾರು 6 ಡೆಸಿಬೆಲ್ ಲೆಕ್ಕದಲ್ಲಿ 16 ಬಿಟ್‌ಗೆ 96 ಡೆಸಿಬೆಲ್ ಸಿಗುತ್ತಿದ್ದ ದಿನಗಳಲ್ಲಿ ಸೊನ್ನೆಯ ಹತ್ತಿರ ತುಂಬಿಸುವುದಕ್ಕೆ ಅರ್ಥವಿತ್ತು. 24 ಬಿಟ್‌ನಲ್ಲಿ ಲೆಕ್ಕಕ್ಕೆ 144 ಬಂದರೂ ಒಳ್ಳೆಯ ಕನ್ವರ್ಟರುಗಳು ನಿಜಕ್ಕೂ ಕೊಡುವುದು 120ರ ಆಸುಪಾಸು. ಅಷ್ಟಿದ್ದರೂ ಕೋಣೆಯ ಫ್ಯಾನು, ಬೀದಿಯ ಸದ್ದು ಕನ್ವರ್ಟರಿನ ಸ್ವಂತ ಗೊರಗೊರ ಸದ್ದಿಗಿಂತ ಎಷ್ಟೋ ಮೇಲೆ. ಹಾಗಾಗಿ ಸರಾಸರಿ −18, ಪೀಕ್ −10ರ ಸುತ್ತ ನಿಲ್ಲುವಂತೆ ಗೇನ್ ಇಟ್ಟರೆ ಏನೂ ನಷ್ಟವಿಲ್ಲ.

2000ರ ದಶಕದಿಂದ ಯುಎಸ್‌ಬಿ ಪೆಟ್ಟಿಗೆಗಳು ಪ್ರಿಆಂಪ್, ಕನ್ವರ್ಟರ್ ಎರಡನ್ನೂ ಒಟ್ಟಿಗೇ ಕೊಡುತ್ತಿವೆ. ಒಂದೆರಡು ಮೈಕಿನ ಮನೆ ಕೆಲಸಕ್ಕೆ ಅವುಗಳೊಳಗಿನ ಕನ್ವರ್ಟರೇ 24 ಬಿಟ್, 48,000 ದರದಲ್ಲಿ ಧಾರಾಳವಾಗಿ ಸಾಕು. ಬೇರೆ ಕನ್ವರ್ಟರಿಗೆ ದುಡ್ಡು ಹಾಕಬೇಕಾಗುವುದು ಚಾನೆಲ್‌ಗಳು ಸಾಲದಾದಾಗ.