ರಿಪೇರಿಗೆ ಬಂದವರು ಮನೆಯನ್ನೇ ಬದಲಿಸಿದ ಕಥೆ: ಕಂಪ್ಯೂಟರ್ ಅಪ್‌ಡೇಟ್ ಒತ್ತಾಯವಾದದ್ದು ಹೇಗೆ?

ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಸೇವಾ ಕೇಂದ್ರಕ್ಕೆ ಹೋದಾಗ ನಿಮ್ಮಲ್ಲಿ ಬಹಳ ಜನ ಈ ಮಾತು ಕೇಳಿರುತ್ತೀರಿ: "ಸಿಸ್ಟಮ್ ಅಪ್‌ಡೇಟ್ ತಗೊಂಡಿದೆ, ಸ್ವಲ್ಪ ಹೊತ್ತು ಕೂತ್ಕೊಳ್ಳಿ." ಪರದೆ ಮೇಲೆ ಬಿಳಿ ಚುಕ್ಕಿಗಳು ಸುತ್ತುತ್ತಿರುತ್ತವೆ. ಶೇಕಡಾ 27 ಅಂತ ತೋರಿಸಿದ್ದು ಅಲ್ಲೇ ನಿಂತಿರುತ್ತದೆ. ಕಂಪ್ಯೂಟರ್ ಆಫ್ ಮಾಡಬೇಡಿ ಎಂಬ ಸೂಚನೆ ಬೇರೆ. ಈಗೇನಾದರೂ ಕರೆಂಟ್ ಹೋದರೆ ಗತಿಯೇನು ಅಂತ ಕೇಂದ್ರದವರು ಯುಪಿಎಸ್ ಕಡೆ ನೋಡುತ್ತಿರುತ್ತಾರೆ.

ಕಂಪ್ಯೂಟರ್ ಕೊಂಡವರು ನಾವು. ಕರೆಂಟ್ ಬಿಲ್ ಕಟ್ಟುವವರು, ಡೇಟಾ ಹಾಕಿಸುವವರೂ ನಾವೇ. ಹೀಗಿರುವಾಗ ಅದು ಯಾವಾಗ ಕೆಲಸ ನಿಲ್ಲಿಸಬೇಕು ಅಂತ ಸಾವಿರಾರು ಮೈಲಿ ದೂರದ ಕಂಪನಿಯೊಂದು ತೀರ್ಮಾನಿಸುವುದು ಹೇಗೆ ಶುರುವಾಯಿತು? ಇದಕ್ಕೆ ಇಪ್ಪತ್ತೈದು ವರ್ಷ ಮೀರಿದ ಇತಿಹಾಸ ಇದೆ. ಜನರ ಸಿಟ್ಟಿಗೂ ಕಾರಣ ಇದೆ, ಕಂಪನಿಯ ಒತ್ತಾಯಕ್ಕೂ ಒಂದು ಕಾರಣ ಇತ್ತು. ಎರಡನ್ನೂ ನೋಡೋಣ.

ಕೇಳಿ ಮಾಡುತ್ತಿದ್ದ ಕಾಲ

ಮೊದಲು ಅಪ್‌ಡೇಟ್ ಅಂದರೇನು? ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಅಂತಾರೆ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಅಂಥದ್ದೊಂದು. ಕೋಟಿಗಟ್ಟಲೆ ಸಾಲುಗಳಲ್ಲಿ ಬರೆದ ಇಂಥ ತಂತ್ರಾಂಶದಲ್ಲಿ ತಪ್ಪು ಉಳಿದೇ ಉಳಿಯುತ್ತದೆ. ಕೆಲವು ತಪ್ಪುಗಳು ಕಳ್ಳರಿಗೆ ದಾರಿಯಾಗುತ್ತವೆ. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸುವ ಹಾಗೆ, ಆ ತೂತು ಮುಚ್ಚುವ ಕೆಲಸವೇ ಅಪ್‌ಡೇಟ್.

1998ರಲ್ಲಿ ವಿಂಡೋಸ್ 98 ಜೊತೆ 'ವಿಂಡೋಸ್ ಅಪ್‌ಡೇಟ್' ಬಂತು. ಆಗ ಬಳಸುವವರೇ ಆ ವೆಬ್‌ಸೈಟ್‌ಗೆ ಹೋಗಿ, ಬೇಕಾದದ್ದನ್ನು ಆರಿಸಿ ಹಾಕಿಕೊಳ್ಳಬೇಕಿತ್ತು. 2000ದಲ್ಲಿ ಬಂದ ವಿಂಡೋಸ್ ಮಿಲೇನಿಯಮ್‌ನಲ್ಲಿ ತಾನಾಗಿಯೇ ಅಪ್‌ಡೇಟ್ ಇಳಿಸಿಕೊಳ್ಳುವ ವ್ಯವಸ್ಥೆ ಸೇರಿತು. ಆದರೂ ಬೇಡ ಅನ್ನಲು ಅವಕಾಶ ಇತ್ತು. ಬಹುಪಾಲು ಜನ ಆ ಕಡೆ ತಲೆ ಹಾಕಲಿಲ್ಲ. ಟೆಲಿಫೋನ್ ತಂತಿಯ ಇಂಟರ್ನೆಟ್‌ನಲ್ಲಿ ದೊಡ್ಡ ಫೈಲ್ ಇಳಿಸುವುದೇ ಒಂದು ಸಾಹಸ.

2003ರ ಹುಳು

ಹೀಗೆ ತಲೆ ಹಾಕದೆ ಇದ್ದದ್ದರ ಬೆಲೆ 2003ರಲ್ಲಿ ಗೊತ್ತಾಯಿತು. ಆ ವರ್ಷದ ಜನವರಿಯಲ್ಲಿ 'ಸ್ಲ್ಯಾಮರ್' ಎಂಬ ವರ್ಮ್, ಅಂದರೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನಾಗಿ ಹರಡುವ ಹುಳು, ನಿಮಿಷಗಳಲ್ಲಿ ಜಗತ್ತಿನ ಸರ್ವರ್‌ಗಳಿಗೆ ನುಗ್ಗಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಆರು ತಿಂಗಳ ಹಿಂದೆಯೇ, 2002ರ ಜುಲೈನಲ್ಲಿ, ಸಿದ್ಧವಾಗಿತ್ತು. ಹಾಕಿಕೊಂಡವರು ಕಡಿಮೆ.

ಆಗಸ್ಟ್ 11ಕ್ಕೆ 'ಬ್ಲಾಸ್ಟರ್' ಬಂತು. ಇದಕ್ಕೂ ಮದ್ದು ಜುಲೈ 16ರಂದೇ ಬಿಡುಗಡೆಯಾಗಿತ್ತು. ಹುಳು ಹೊಕ್ಕ ಕಂಪ್ಯೂಟರ್‌ನಲ್ಲಿ ಒಂದು ಚೌಕಟ್ಟು ಮೂಡಿ, 60 ಸೆಕೆಂಡ್‌ನಿಂದ ಹಿಂದಕ್ಕೆ ಎಣಿಸಿ, ಕಂಪ್ಯೂಟರ್ ಬಂದ್ ಆಗಿ ಮತ್ತೆ ಶುರುವಾಗುತ್ತಿತ್ತು. ಅಂದರೆ ಒತ್ತಾಯದ ರೀಸ್ಟಾರ್ಟ್ ಏನೆಂದು ಲಕ್ಷಾಂತರ ಜನರಿಗೆ ಮೊದಲು ತೋರಿಸಿದ್ದು ಕಂಪನಿಯಲ್ಲ, ಆ ಹುಳು. ಅದರ ಒಳಗೆ, ಹಣ ಮಾಡುವುದು ಬಿಟ್ಟು ನಿನ್ನ ಸಾಫ್ಟ್‌ವೇರ್ ಸರಿಮಾಡು ಎಂದು ಬಿಲ್ ಗೇಟ್ಸ್ ಅವರನ್ನು ಹಂಗಿಸುವ ಸಾಲೂ ಇತ್ತು. ಆಗಸ್ಟ್ 16ರಂದು ಸೋಂಕಿತ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ವಿಂಡೋಸ್ ಅಪ್‌ಡೇಟ್‌ನ ವಿಳಾಸದ ಮೇಲೆಯೇ ದಾಳಿ ಮಾಡುವಂತೆ ಅದನ್ನು ಬರೆಯಲಾಗಿತ್ತು. ರೋಗವೇ ಆಸ್ಪತ್ರೆಗೆ ಬೀಗ ಹಾಕಲು ಹೊರಟ ಹಾಗೆ. ಮೈಕ್ರೋಸಾಫ್ಟ್ ಆ ಹಳೆಯ ವಿಳಾಸವನ್ನೇ ಕೈಬಿಟ್ಟು ಪಾರಾಯಿತು.

ಅಲ್ಲಿಂದ ನೀತಿ ಬದಲಾಯಿತು. 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುವ ಪದ್ಧತಿ ಶುರುವಾಯಿತು. ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಗ್ಗೆ 10 ಗಂಟೆ ಅಂದರೆ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಆ ವಾರದ ಬುಧವಾರ ಬೆಳಗ್ಗೆ ನಮ್ಮ ಕಚೇರಿಗಳ ಕಂಪ್ಯೂಟರ್‌ಗಳು 'ಅಪ್‌ಡೇಟ್' ಅಂತ ಕೂರುವುದಕ್ಕೆ ಕಾರಣ ಇದೇ.

2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ 'ಸರ್ವಿಸ್ ಪ್ಯಾಕ್ 2' ಬಂತು. ತಡೆಗೋಡೆಯಾದ ಫೈರ್‌ವಾಲ್ ತಾನಾಗಿಯೇ ಆನ್ ಆಯಿತು. ಅಪ್‌ಡೇಟನ್ನು ತಾನಾಗಿ ನಡೆಯಲು ಬಿಡಿ ಎಂಬ ಒತ್ತಾಯವೂ ಜೋರಾಯಿತು. ಅದರ ಪೂರ್ತಿ ಫೈಲ್ ಸುಮಾರು 266 ಎಂಬಿ. ಟೆಲಿಫೋನ್ ತಂತಿಯ ಇಂಟರ್ನೆಟ್‌ನಲ್ಲಿ ಇಳಿಸಲು ಹತ್ತು ಗಂಟೆಗೂ ಹೆಚ್ಚು ಬೇಕಿತ್ತು. ಆಗ ನಮ್ಮ ಕಡೆ ಆಸರೆಯಾದದ್ದು ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳು.

ಇಲ್ಲಿಯವರೆಗಿನ ಕಥೆಯಲ್ಲಿ ಕಂಪನಿಯ ಕಡೆ ನ್ಯಾಯ ಇದೆ ಅನ್ನಬೇಕು. ಒಬ್ಬರ ಬಾವಿ ಕೆಟ್ಟರೆ ಊರಿಗೆಲ್ಲ ಬೇನೆ ಹರಡುವಂತೆ, ಒಬ್ಬರು ಮುಚ್ಚದ ತೂತು ಎಲ್ಲರಿಗೂ ಅಪಾಯ.

ಇಂಟು ಗುರುತು 'ಹೂಂ' ಆದದ್ದು

ಹೀಗೆ ರಿಪೇರಿಗೆಂದು ಜನ ಬಾಗಿಲು ತೆರೆದು ಬಿಟ್ಟಿದ್ದರು. 2015ರಲ್ಲಿ ಅದೇ ಬಾಗಿಲಿನಿಂದ ಬೇರೆಯೇ ಒಂದು ಒಳಗೆ ಬಂತು.

ಆ ವರ್ಷದ ಜುಲೈ 29ಕ್ಕೆ ವಿಂಡೋಸ್ 10 ಬಿಡುಗಡೆಯಾಯಿತು. ವಿಂಡೋಸ್ 7 ಮತ್ತು 8.1 ಇದ್ದವರಿಗೆ ಒಂದು ವರ್ಷ ಉಚಿತ ಎಂದರು. ಅದಕ್ಕೂ ಮೊದಲೇ ಅಪ್‌ಡೇಟ್ ಹೆಸರಲ್ಲಿ ಜನರ ಕಂಪ್ಯೂಟರ್‌ಗಳಿಗೆ 'ಗೆಟ್ ವಿಂಡೋಸ್ 10' ಎಂಬ ಸಣ್ಣ ತಂತ್ರಾಂಶ ಇಳಿದಿತ್ತು. ಅದು ಮೂಲೆಯಲ್ಲಿ ಕೂತು, ಬದಲಾಯಿಸಿಕೊಳ್ಳಿ ಅಂತ ಪದೇ ಪದೇ ಕೇಳುತ್ತಿತ್ತು. ಬೇಡ ಅಂದವರ ಕಂಪ್ಯೂಟರ್‌ಗೂ ಹಲವು ಜಿಬಿ ಫೈಲ್ ಸದ್ದಿಲ್ಲದೆ ಇಳಿದ ದೂರುಗಳು ಬಂದವು. 2016ರ ಫೆಬ್ರುವರಿಯಲ್ಲಿ ಈ ಬದಲಾವಣೆಯನ್ನು 'ಶಿಫಾರಸು ಮಾಡಿದ ಅಪ್‌ಡೇಟ್' ಪಟ್ಟಿಗೆ ಸೇರಿಸಿದರು. ರಿಪೇರಿಗಳ ಸಾಲಿನಲ್ಲೇ ಹೊಸ ಮನೆಯೂ ಬಂದು ನಿಂತಿತು.

ಅತಿಯಾದದ್ದು ಮೇ ತಿಂಗಳಲ್ಲಿ. 'ನಿಮ್ಮ ಕಂಪ್ಯೂಟರ್ ಇಂಥ ದಿನ ಬದಲಾಗಲಿದೆ' ಎಂಬ ಚೌಕಟ್ಟು ಬರುತ್ತಿತ್ತು. ಬೇಡ ಅನ್ನಲು ಜನ ಮೂಲೆಯ ಇಂಟು ಗುರುತು ಒತ್ತುತ್ತಿದ್ದರು. ಎಷ್ಟೋ ವರ್ಷಗಳಿಂದ ಅದರ ಅರ್ಥ 'ಮುಚ್ಚು, ಬೇಡ' ಅಂತಲೇ. ಈ ಚೌಕಟ್ಟಿನಲ್ಲಿ ಮಾತ್ರ ಅದನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿದರು. ನಿಗದಿಯಾದ ದಿನ ಕಂಪ್ಯೂಟರ್ ಬದಲಾಗಿಯೇ ಹೋಯಿತು.

ಇದರ ಬಿಸಿ ಹೆಚ್ಚು ತಟ್ಟಿದ್ದು ಡೇಟಾ ದುಬಾರಿ ಇರುವ ಜಾಗಗಳಿಗೆ. ಮಧ್ಯ ಆಫ್ರಿಕಾ ಗಣರಾಜ್ಯದ ಚಿಂಕೊ ಕಾಡಿನಲ್ಲಿ ವನ್ಯಜೀವಿ ರಕ್ಷಣೆ ಮಾಡುವ ತಂಡ ಉಪಗ್ರಹದ ಇಂಟರ್ನೆಟ್ ನಂಬಿಕೊಂಡಿತ್ತು. ಅಲ್ಲಿ ಪ್ರತಿ ಎಂಬಿಗೂ ಲೆಕ್ಕ. ಅವರ ಲ್ಯಾಪ್‌ಟಾಪ್ ಒಂದು ತಾನಾಗಿಯೇ ವಿಂಡೋಸ್ 10 ಇಳಿಸಲು ಹೊರಟ ಸುದ್ದಿ 2016ರಲ್ಲಿ ಜಗತ್ತಿಗೆಲ್ಲ ಹರಡಿತು. ಬೇಟೆಗಾರರ ಬೆನ್ನು ಹತ್ತುವ ಕಾವಲುಗಾರರ ಸಂಪರ್ಕ ಯಾರೂ ಕೇಳದ ಫೈಲ್‌ಗೆ ಖರ್ಚಾಗುವ ಪರಿಸ್ಥಿತಿ.

ಕ್ಯಾಲಿಫೋರ್ನಿಯಾದ ಸಾಸಲಿಟೊ ಪಟ್ಟಣದಲ್ಲಿ ಪ್ರವಾಸಿ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು ಕೋರ್ಟಿಗೇ ಹೋದರು. ತಾವು ಒಪ್ಪದ ಅಪ್‌ಡೇಟ್ ಅರ್ಧಕ್ಕೆ ಕೆಟ್ಟು, ಕೆಲಸದ ಕಂಪ್ಯೂಟರ್ ದಿನಗಟ್ಟಲೆ ಸರಿಯಾಗಿ ನಡೆಯಲಿಲ್ಲ ಎಂಬುದು ಅವರ ವಾದ. ಸಣ್ಣ ವ್ಯಾಜ್ಯಗಳ ನ್ಯಾಯಾಲಯ 10,000 ಡಾಲರ್ ಪರಿಹಾರ ಕೊಡಿಸಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ ಮೇಲ್ಮನವಿ ಕೈಬಿಟ್ಟು ಹಣ ಕೊಟ್ಟಿತು. ಜೂನ್ ಕೊನೆಗೆ ಚೌಕಟ್ಟು ಬದಲಾಯಿತು. ಬೇಡ ಅನ್ನುವ ಆಯ್ಕೆ ಎದ್ದು ಕಾಣುವಂತೆ ಬಂತು, ಇಂಟು ಗುರುತಿಗೆ ಹಳೆಯ ಅರ್ಥ ವಾಪಸ್ ಸಿಕ್ಕಿತು. ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿಯ ಮಾರುಕಟ್ಟೆ ಮುಖ್ಯಸ್ಥ ಕ್ರಿಸ್ ಕಪೊಸೆಲಾ, ಆ ವಿಷಯದಲ್ಲಿ ಅತಿಯಾಯಿತು ಎಂದು ಒಪ್ಪಿಕೊಂಡರು.

ನಂಬಿಕೆ ಹೋದ ಮೇಲೆ

ಅಷ್ಟರಲ್ಲಿ ಆಗಬೇಕಾದ ನಷ್ಟ ಆಗಿತ್ತು. ಅಪ್‌ಡೇಟ್ ಅಂದರೆ ಮೋಸ ಎಂಬ ಭಾವನೆ ಬೇರೂರಿತ್ತು. ಅದನ್ನು ಬಂದ್ ಮಾಡುವುದು ಹೇಗೆಂಬ ಉಪಾಯಗಳು ಎಲ್ಲೆಡೆ ಓಡಾಡಿದವು. ನಮ್ಮ ಊರುಗಳಲ್ಲೂ ಕಂಪ್ಯೂಟರ್ ರಿಪೇರಿಯವರಿಗೆ ಗಿರಾಕಿಗಳು ಹೇಳುವ ಮಾತು ಒಂದೇ: "ಅಪ್‌ಡೇಟ್ ಬಂದ್ ಮಾಡಿ ಕೊಡಿ."

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಗಂಭೀರ ತೂತು ಮುಚ್ಚುವ ಅಪ್‌ಡೇಟ್ ಬಿಟ್ಟಿತು. ಮೇ 12ಕ್ಕೆ 'ವಾನ್ನಾಕ್ರೈ' ಅದೇ ತೂತಿನಿಂದ ನುಗ್ಗಿತು. ಫೈಲ್‌ಗಳಿಗೆ ಬೀಗ ಜಡಿದು 300 ಡಾಲರ್ ಕೇಳುವ ಹುಳು ಅದು. 150ಕ್ಕೂ ಹೆಚ್ಚು ದೇಶಗಳಲ್ಲಿ ಹಾವಳಿ ಎಬ್ಬಿಸಿತು. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಮೂರನೇ ಒಂದು ಭಾಗಕ್ಕೆ ತೊಂದರೆಯಾಯಿತು. ಅಂದಾಜು 19,000 ರೋಗಿಗಳ ಭೇಟಿ ರದ್ದಾಯಿತು ಎಂದು ಅಲ್ಲಿನ ಲೆಕ್ಕ ಪರಿಶೋಧಕರ ವರದಿ ಹೇಳಿತು. ಸೋಂಕು ತಗುಲಿದವುಗಳಲ್ಲಿ ಹೆಚ್ಚಿನವು ಆ ಅಪ್‌ಡೇಟ್ ಹಾಕದ ವಿಂಡೋಸ್ 7 ಕಂಪ್ಯೂಟರ್‌ಗಳು. ಎಲ್ಲರೂ ಸಿಟ್ಟಿನಿಂದಲೇ ಬಂದ್ ಮಾಡಿದ್ದರು ಅಂತ ಹೇಳಲಾಗದು. ದೊಡ್ಡ ಸಂಸ್ಥೆಗಳಲ್ಲಿ ಉದಾಸೀನ, ಹಳೆಯ ಯಂತ್ರ, ದುಡ್ಡಿನ ಕೊರತೆ ಎಲ್ಲ ಇರುತ್ತದೆ. ಆದರೆ ರಿಪೇರಿಯವರ ಮೇಲೆ ನಂಬಿಕೆ ಇಲ್ಲದ ಮನೆಯಲ್ಲಿ ಹೆಂಚು ಒಡೆದೇ ಇರುತ್ತದೆ.

ಒತ್ತಾಯದ ಅಪ್‌ಡೇಟ್ ತಾನೇ ಹಾನಿ ಮಾಡಿದ್ದೂ ಉಂಟು. 2018ರ ಅಕ್ಟೋಬರ್ 2ಕ್ಕೆ ಬಂದ ವಿಂಡೋಸ್ 10 ಅಪ್‌ಡೇಟ್ ಕೆಲವರ ಫೋಟೋ, ದಾಖಲೆಗಳನ್ನೇ ಅಳಿಸಿತು. ನಾಲ್ಕೇ ದಿನದಲ್ಲಿ ಅದನ್ನು ತಡೆಹಿಡಿದು, ನವೆಂಬರ್ 13ಕ್ಕೆ ಸರಿಮಾಡಿ ಬಿಟ್ಟರು. ಮುಂದೆ 2019ರ ಮೇ ಹೊತ್ತಿಗೆ ಮನೆಬಳಕೆಯ ವಿಂಡೋಸ್ 10ರಲ್ಲೂ ಅಪ್‌ಡೇಟನ್ನು ಏಳೇಳು ದಿನದಂತೆ 35 ದಿನ ಮುಂದೂಡುವ ಅವಕಾಶ ಬಂತು.

2024ರ ಜುಲೈ 19ರಂದು ನಡೆದದ್ದು ನಿಮಗೆ ನೆನಪಿರಬಹುದು. ಅದು ವಿಂಡೋಸ್‌ನದ್ದಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟ್. ನಮ್ಮ ಸಮಯ ಬೆಳಗ್ಗೆ ಸುಮಾರು 9.40ಕ್ಕೆ ಹೊರಟ ಒಂದು ಸಣ್ಣ ಫೈಲ್ 85 ಲಕ್ಷ ಕಂಪ್ಯೂಟರ್‌ಗಳನ್ನು ಕೆಡವಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲೇ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಯಾರನ್ನೂ ಕೇಳದೆ ಎಲ್ಲರಿಗೂ ಒಟ್ಟಿಗೆ ಕಳಿಸಿದರೆ ತಪ್ಪೂ ಎಲ್ಲರಿಗೂ ಒಟ್ಟಿಗೆ ತಲುಪುತ್ತದೆ.

ಈಗ ನಮ್ಮ ಮುಂದೆ ಇರುವುದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ರಿಪೇರಿ ಸಿಗುತ್ತದೆ ಎಂದು ಕಂಪನಿ ಘೋಷಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಮತ್ತು ಹೊಸ ಪ್ರೊಸೆಸರ್ ಬೇಕು. ಚೆನ್ನಾಗಿ ನಡೆಯುತ್ತಿರುವ ಹಳೆಯ ಕಂಪ್ಯೂಟರ್‌ಗಳು ಅದಕ್ಕೆ ಲಾಯಕ್ಕಿಲ್ಲ. ಹತ್ತು ವರ್ಷದ ಹಿಂದೆ ಬೇಡವೆಂದವರ ಮೇಲೂ ಹೇರಿದ್ದನ್ನೇ ಈಗ ಬಿಟ್ಟುಬಿಡಿ ಅನ್ನುತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ತುಂಬಿಸಿ ಬದುಕುವ ಅಂಗಡಿಯವರಿಗೆ, ನಮ್ಮಂಥ ಬಿಡಿ ವರದಿಗಾರರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಸದ್ಯಕ್ಕೆ ನಮ್ಮ ಕೈಯಲ್ಲಿ ಇರುವುದಿಷ್ಟು. ಸೆಟ್ಟಿಂಗ್ಸ್‌ನಲ್ಲಿ 'ಆ್ಯಕ್ಟಿವ್ ಅವರ್ಸ್' ಹೊಂದಿಸಿದರೆ ಕೆಲಸದ ಹೊತ್ತಲ್ಲಿ ರೀಸ್ಟಾರ್ಟ್ ಆಗುವುದು ತಪ್ಪುತ್ತದೆ. ಫೋನ್‌ನ ಹಾಟ್‌ಸ್ಪಾಟ್ ಬಳಸುವವರು 'ಮೀಟರ್ಡ್ ಕನೆಕ್ಷನ್' ಆನ್ ಮಾಡಿದರೆ ಬಹುಪಾಲು ಅಪ್‌ಡೇಟ್‌ಗಳು ಡೇಟಾ ನುಂಗುವುದಿಲ್ಲ. ದಾಖಲೆಗಳ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ. ಆದರೆ ಅಪ್‌ಡೇಟನ್ನು ಪೂರ್ತಿ ಬಂದ್ ಮಾಡಿಸಬೇಡಿ. ಮುಂದಿನ ಹುಳು ಬಂದಾಗ ಸೇವಾ ಕೇಂದ್ರದ ಕಂಪ್ಯೂಟರ್‌ನಲ್ಲಿ ಇರುವುದು ನಮ್ಮೆಲ್ಲರ ಆಧಾರ್, ಪಾಸ್‌ಬುಕ್ ಪ್ರತಿಗಳು.

ಕಂಪನಿಗಳಿಗೆ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ತೂತು ಮುಚ್ಚುವುದನ್ನು ತೂತು ಮುಚ್ಚುವುದು ಅಂತಲೇ ಹೇಳಿ ಕಳಿಸಿ. ಹೊಸದನ್ನು ಕೊಡುವಾಗ ಕೇಳಿ ಕೊಡಿ. ಬೇಡ ಅಂದರೆ ಬೇಡ ಅಂತಲೇ ತಿಳಿಯಿರಿ.