ಗೋದಾವರಿಯ ನೀರು, ಕುಂದಾಪುರದ ಮಕ್ಕಳು

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ಎಳೆದಿದೆಯೆಂದು ಸಂಘದ ಸಭೆಗಳಲ್ಲಿ ನಾವು ಎಷ್ಟು ಸಲ ಹೆಮ್ಮೆಯಿಂದ ಹೇಳಿಕೊಂಡಿಲ್ಲ! ಎಲ್ಲೋರದ ಕೈಲಾಸವನ್ನು ಕಡೆಯಿಸಿದ ರಾಷ್ಟ್ರಕೂಟ ಕೃಷ್ಣನ ಹೆಸರೂ ಅದರ ಬೆನ್ನಿಗೇ ಬರುತ್ತದೆ. ಆದರೆ ಆ ಹೊಳೆಯ ನೀರನ್ನು ಇಂದು ಯಾರು, ಯಾರನ್ನು ಕೇಳಿ ಹಂಚುತ್ತಾರೆ ಎಂಬ ಮಾತನ್ನು ನಾವು ಎತ್ತುವುದು ಅಪರೂಪ. ನಾಸಿಕದ ಸಾತಪೂರ, ಅಂಬಡಗಳಲ್ಲಿ ದುಡಿಯುವವರೂ, 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಪಡೆದ ಔರಂಗಾಬಾದಿನ ವಾಳೂಜದಲ್ಲಿ ದುಡಿಯುವವರೂ ಕುಡಿಯುವುದು ಒಂದೇ ಕೊಳ್ಳದ ನೀರನ್ನು.

ಮೇಲೆ ನಾಸಿಕದ ಗಂಗಾಪುರ, ದಾರಣಾ ಅಣೆಕಟ್ಟುಗಳು; ಕೆಳಗೆ ಪೈಠಣದ ಬಳಿ 1976ರಲ್ಲಿ ಉದ್ಘಾಟನೆಯಾದ, ಸುಮಾರು 102 ಟಿ.ಎಂ.ಸಿ. ನೀರು ಹಿಡಿಯುವ ಜಾಯಕವಾಡಿ. ಮಳೆ ಕೈಕೊಟ್ಟ ವರ್ಷ ಮೇಲಿನವರು ಬಿಡಬೇಕು, ಕೆಳಗಿನವರು ಬೇಡಬೇಕು. 2005ರ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ ಕಾಯಿದೆ ಕೊರತೆಯನ್ನು ಸಮನಾಗಿ ಹಂಚಿಕೊಳ್ಳಿರೆಂದಿತು. 2014ರಲ್ಲಿ ಪ್ರಾಧಿಕಾರ ಆದೇಶ ಹೊರಡಿಸಿತು. 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಬಂತು. ಆದರೂ 2023ರ ಕೊನೆಗೆ ಸುಮಾರು 8.6 ಟಿ.ಎಂ.ಸಿ. ಬಿಡಬೇಕೆಂದಾಗ ಮತ್ತೆ ಗದ್ದಲವೆದ್ದಿತು. ಮಳೆಗಾಲದ ನಡೆಯೇ ಬದಲಾಗುತ್ತಿರುವ ಈ ದಿನಗಳಲ್ಲಿ ಅದು ಕೊನೆಯ ಗದ್ದಲವಾಗಲಾರದು.

ಇದೇ ನಾಸಿಕ ಜಿಲ್ಲೆಯಲ್ಲಿ ಇನ್ನೊಂದು ರೂಢಿಯೂ ಇತ್ತು. ನಾಸಿಕ, ಧುಳೆಗಳ ಮೋಸಮ್, ಪಾಂಝರಾ ಮೊದಲಾದ ಹೊಳೆಗಳ ಮೇಲೆ ರೈತರು ಚಿಕ್ಕ ಒಡ್ಡು ಕಟ್ಟಿ, ಅದರ ಕೆಳಗಿನ ಬಯಲನ್ನು 'ಫಡ್' ಎಂಬ ಪಾಲುಗಳಾಗಿ ಹಂಚಿಕೊಂಡಿದ್ದರು. ಯಾವ ಫಡ್‌ನಲ್ಲಿ ಕಬ್ಬು, ಯಾವುದರಲ್ಲಿ ಗೋದಿ, ಯಾವುದು ಬೀಳು ಎಂಬುದನ್ನು ವರ್ಷವರ್ಷವೂ ರೈತರೇ ಸೇರಿ ತೀರ್ಮಾನಿಸುವರು. ನೀರು ತಿರುಗಿಸಲು ಪಾಟಕರಿ, ಬೆಳೆ ಕಾಯಲು ಜಾಗಲ್ಯಾ. ನೀರು ಕಡಿಮೆಯಾದ ವರ್ಷ ಬಿತ್ತುವ ಫಡ್‌ಗಳನ್ನೇ ಕಡಿಮೆ ಮಾಡುವರು. ಪ್ರತಿ ಫಡ್‌ನಲ್ಲೂ ತನ್ನದೊಂದು ತುಂಡು ಹೊಲವಿದ್ದವನಿಗೆ ನಷ್ಟ ಒಬ್ಬನ ತಲೆಯ ಮೇಲೇ ಬೀಳುತ್ತಿರಲಿಲ್ಲ. ದಿಂಡೋರಿ ತಾಲೂಕಿನ ವಾಘಾಡ ಯೋಜನೆಯಲ್ಲಿ ಈ ಬುದ್ಧಿ ಮರುಹುಟ್ಟು ಪಡೆಯಿತು. ಬಾಪು ಉಪಾಧ್ಯೆ, ಭರತ್ ಕಾವಳೆ ಮುಂತಾದವರು 1990ರ ದಶಕದ ಮೊದಲಲ್ಲಿ ಕಾಲುವೆಯ ಬಾಲದ ಊರುಗಳಿಂದ ನೀರು ಬಳಕೆದಾರರ ಸಂಘಗಳನ್ನು ಕಟ್ಟುತ್ತ ಬಂದರು. ಮುಂದೆ ಇಡೀ ಯೋಜನೆಯ ನಿರ್ವಹಣೆಯೇ ರೈತರ ಕೈಗೆ ಬಂತು.

ಆದರೆ ಹೊಲದ ಒಡೆಯನಿಗೆ ಮಾತ್ರ ಈ ಸಭೆಗಳಲ್ಲಿ ಮಾತು. ಮುಂದಿನ ಅರವತ್ತು ವರ್ಷ ಆ ನೀರನ್ನೇ ನಂಬಿ ಬದುಕಬೇಕಾದ ಹುಡುಗ ಹುಡುಗಿಯರು ಸಭೆಯ ಹೊರಗೆ. ಇದು ಹಳೆಯ ಕಥೆಯೇ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಕ್ರಿ.ಶ. 920ರ ಸುಮಾರಿನ ಚೋಳ ಶಾಸನವಿದೆ. ಕೆರೆಯ ಸಮಿತಿಗೂ ಸದಸ್ಯರನ್ನು ಆರಿಸುತ್ತಿದ್ದುದು ಚೀಟಿಯೆತ್ತಿ. ಗಡಿಗೆಯಿಂದ ಚೀಟಿ ತೆಗೆಯುವುದು ಏನೂ ಅರಿಯದ ಒಬ್ಬ ಹುಡುಗ. ಚೀಟಿಯಲ್ಲಿ ಹೆಸರು ಬರಬೇಕಾದರೆ ಮಾತ್ರ ಮೂವತ್ತೈದು ದಾಟಿರಬೇಕು!

ಹೀಗೆ ಚೀಟಿಯೆತ್ತಿ ಜನಸಾಮಾನ್ಯರನ್ನು ಕೂರಿಸಿ ನೀತಿ ಕೇಳುವ ಪದ್ಧತಿ ಈಚೆಗೆ ಯುರೋಪಿನಲ್ಲಿ ಮತ್ತೆ ಬಂದಿದೆ. 2019ರಲ್ಲಿ ಫ್ರಾನ್ಸ್ 150 ಮಂದಿಯನ್ನು ಹವಾಮಾನದ ಪ್ರಶ್ನೆಗೆಂದೇ ಸೇರಿಸಿತು. ಹದಿನಾರು ತುಂಬಿದವರಿಗೂ ಅಲ್ಲಿ ಜಾಗವಿತ್ತು. ಐರ್ಲೆಂಡ್ 2022ರಲ್ಲಿ ಜೀವಸಂಕುಲದ ನಾಶವನ್ನು ಕುರಿತು ಏಳರಿಂದ ಹದಿನೇಳು ವಯಸ್ಸಿನ 35 ಮಕ್ಕಳ ಸಭೆಯನ್ನೇ ನಡೆಸಿತು. ಮಹಾರಾಷ್ಟ್ರವೂ 2020ರಲ್ಲಿ 'ಮಾಝೀ ವಸುಂಧರಾ' ಅಭಿಯಾನ ಹೂಡಿತು. ಒಳ್ಳೆಯ ಕೆಲಸವೇ, ಆದರೆ ಪ್ರತಿಜ್ಞೆ ಮಾಡಿಸುವುದು ಬೇರೆ, ಅಭಿಪ್ರಾಯ ಕೇಳುವುದು ಬೇರೆ.

ಕೇಳುವ ಪಾಠಕ್ಕೆ ನಾವು ಯುರೋಪಿಗೆ ಹೋಗಬೇಕಾಗಿಲ್ಲ. ನಮ್ಮ ವಾಚಕರಲ್ಲಿ ಕುಂದಾಪುರದ ಕಡೆಯವರೆಷ್ಟಿಲ್ಲ? ಆ ತಾಲೂಕಿನಲ್ಲೇ 1990ರ ದಶಕದಲ್ಲಿ, ದುಡಿಯುವ ಮಕ್ಕಳ 'ಭೀಮ ಸಂಘ'ದ ಬೆನ್ನಿಗೆ, ಮಕ್ಕಳ ಪಂಚಾಯತುಗಳು ಹುಟ್ಟಿದವು. ಮಳೆಗಾಲದಲ್ಲಿ ತೋಡು ತುಂಬಿ ಹರಿಯುವಾಗ ಶಾಲೆಗೆ ದಾಟುವುದು ಹೇಗೆ ಎಂಬುದು ದೊಡ್ಡವರ ಪಂಚಾಯತಿಗೆ ಸಣ್ಣ ಸಂಗತಿಯಾಗಿತ್ತು. ಮಕ್ಕಳು ತಾವೇ ಮಾಹಿತಿ ಕೂಡಿಸಿ, ಕಾಲುಸಂಕ ಎಲ್ಲೆಲ್ಲಿ ಬೇಕೆಂದು ಮುಂದಿಟ್ಟರು. 2006ರಲ್ಲಿ ಕರ್ನಾಟಕ ಸರಕಾರ ಎಲ್ಲ ಗ್ರಾಮ ಪಂಚಾಯತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಯಬೇಕೆಂದಿತು. ಕೆಲವೆಡೆ ಅದು ಮಿಠಾಯಿ ಹಂಚಿ ಮುಗಿಯುವ ಸಮಾರಂಭವಾಗಿರಬಹುದು. ಆದರೂ ಮಕ್ಕಳು ನಿಂತು ಕೇಳಿದ ಪ್ರಶ್ನೆಗೆ ಅಧ್ಯಕ್ಷರು ಎಲ್ಲರ ಮುಂದೆ ಉತ್ತರಿಸಬೇಕಾದ ದಿನವೊಂದು ಅಲ್ಲಿದೆ.

ನಾಸಿಕದಲ್ಲೂ ಸಂಭಾಜಿನಗರದಲ್ಲೂ ಅಂಥ ದಿನವೊಂದಿದ್ದರೆ? ಚೀಟಿಯೆತ್ತಿ ಆರಿಸಿದ ಮೂವತ್ತು ನಲವತ್ತು ವಿದ್ಯಾರ್ಥಿಗಳು, ಅರ್ಧ ಮೇಲಿನವರು, ಅರ್ಧ ಕೆಳಗಿನವರು, ಗಂಗಾಪುರವನ್ನೂ ಜಾಯಕವಾಡಿಯನ್ನೂ ಕಣ್ಣಾರೆ ಕಂಡು, ಇಂಜಿನಿಯರರನ್ನು ಪ್ರಶ್ನಿಸಿ, ತಮ್ಮ ಮಾತನ್ನು ಬರೆದುಕೊಡಲಿ ಎಂಬುದು ನಮ್ಮ ಸೂಚನೆ. ನಮ್ಮ ಮನೆಗಳ ಮಕ್ಕಳಿಗೂ ಅದರಲ್ಲಿ ಪಾಲಿದೆ. ಮರಾಠಿ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಜಲಾಶಯಗಳ ಲೆಕ್ಕ ನೋಡುವುದು ಪ್ರತಿವರ್ಷ ಅಕ್ಟೋಬರಿನಲ್ಲಿ. ಶಾಲೆಗಳಿಗೆ ದೀಪಾವಳಿ ರಜೆ ಬರುವುದೂ ಹೆಚ್ಚುಕಡಿಮೆ ಆಗಲೇ.