ಕೃಷಿ ಹೊಂಡದ ಪಾಚಿ: ದನಕರುಗಳಿಗೆ ನೀರುಣಿಸುವ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಕೃಷಿ ಹೊಂಡಗಳಲ್ಲಿ ಬೇಸಿಗೆಯ ನಿಂತ ನೀರಿನ ಮೇಲೆ ಹಸಿರು ಕೆನೆ ಕಟ್ಟಿದರೆ ಎಚ್ಚರ ವಹಿಸಬೇಕು. ಕೋಲಿನಿಂದ ಎತ್ತಿದಾಗ ನೂಲಿನಂತೆ ಜೋತುಬಿದ್ದರೆ ಅದು ಸಾಮಾನ್ಯ ಪಾಚಿ. ಬಣ್ಣದಂತೆ ಮೆತ್ತಿಕೊಂಡರೆ ಸಯನೋಬ್ಯಾಕ್ಟೀರಿಯಾ ಇರುವ ಸಂಭವ ಹೆಚ್ಚು. ಹೊಲದಿಂದ ಹರಿದುಬರುವ ಗೊಬ್ಬರದ ರಂಜಕವೇ ಇದರ ಪೋಷಣೆ. ಇದರ ಕೆಲವು ಜಾತಿಗಳು ಸ್ರವಿಸುವ ಮೈಕ್ರೋಸಿಸ್ಟಿನ್ ಯಕೃತ್ತಿಗೆ ಮಾರಕ. ನೀರು ಕುದಿಸಿದರೂ ನಾಶವಾಗದು.

ಮೈಲುತುತ್ತ ಸುರಿಯುವವರುಂಟು. ಅದರಿಂದ ಜೀವಕೋಶಗಳು ಒಡೆದು ವಿಷವೆಲ್ಲ ಒಮ್ಮೆಲೇ ನೀರು ಸೇರುತ್ತದೆ. ನೀರು ತಿಳಿಯಾಗಿ ಕಂಡಾಗಲೇ ಅಪಾಯ ಅಧಿಕ. ಕುರಿಗಳಿಗಂತೂ ತಾಮ್ರವೂ ವಿಷವೇ. ಹೊಂಡಕ್ಕೆ ಬೇಲಿ ಹಾಕಿ, ಸುತ್ತ ಹುಲ್ಲಿನ ಪಟ್ಟಿ ಬೆಳೆಸುವುದು ಲೇಸು. ಕೆನೆ ಇರುವವರೆಗೆ ಜಾನುವಾರುಗಳಿಗೆ ಬೇರೆ ನೀರನ್ನೇ ಕುಡಿಸಬೇಕು. ನೀರು ಕುಡಿದ ದನ ತತ್ತರಿಸಿದರೆ ತಕ್ಷಣ ಪಶುವೈದ್ಯರನ್ನು ಕರೆಸತಕ್ಕದ್ದು.